ಚಹಾದಲ್ಲಿ ಅದ್ದಿದ ಕೊರಳಪಟ್ಟಿ

ಆ ವರ್ಷ ಚಳಿಗಾಲವಿಡೀ ಕೆಜಾಯಾ ಟೆಬಟ್ ತನ್ನ ಮನೆಯ ಒಲೆ ಹೊತ್ತಿಸಲಿಲ್ಲ. ಸೌದೆ ಇರಲಿಲ್ಲವೆಂದಲ್ಲ. ಗಂಡ ಈನಕ್ ಕಡಿದು ಪೇರಿಸಿದ ಸೌದೆ ಹಿತ್ತಿಲಲ್ಲಿ ಹಿಮ ಹೊದ್ದು ಹಾಗೇ ಬಿದ್ದಿತ್ತು. ಆದರೆ ಅವಳ ದಿಂಬಿನ ಮೇಲೆ ಹಾಲ್ಡ್‌ಮಿಯರ್‌ನ ಅರ್ಲ್ ದೊರೆಗೆಂದು ಹೆಣೆಯುತ್ತಿದ್ದ ಬಿಳಿ ನೂಲಿನ ಲೇಸು ಕೂತಿತ್ತು. ಒಲೆ ಹೊತ್ತಿಸಿದರೆ ಹೊಗೆ. ಹೊಗೆ ತಗುಲಿದರೆ ಲೇಸು ಮಬ್ಬು. ಮಬ್ಬಾದ ಲೇಸನ್ನು ಕೊಳ್ಳುವ ಸಾಹುಕಾರ ಗ್ಯಾರಡ್ ಕೈಯಲ್ಲೂ ಮುಟ್ಟುವವನಲ್ಲ.

ಟೆಲ್‌ವಿಕ್ ಹಳ್ಳಿಯಲ್ಲಿ ನಲವತ್ತು ಮನೆ, ನಲವತ್ತು ದಿಂಬು. ಲೇಸು ಎಂಬ ಹೆಸರೇನೋ ಚೆನ್ನಾಗಿದೆ. ಅದನ್ನು ಹೆಣೆಯುವವರ ಬಾಳಿಗೆ ಲೇಸಾದದ್ದನ್ನು ಯಾರೂ ಕಂಡಿಲ್ಲ. ಹುಲ್ಲು ತುಂಬಿದ ಗಟ್ಟಿ ದಿಂಬು ತೊಡೆಯ ಮೇಲೆ. ದಿಂಬಿನ ಮೇಲೆ ತೂತು ಚುಚ್ಚಿದ ತೊಗಲು ಹಾಳೆ. ಒಂದೊಂದು ತೂತಿಗೂ ಒಂದು ಗುಂಡುಸೂಜಿ. ನೂಲು ಸುತ್ತಿದ ಎಂಬತ್ತು ಮೂಳೆಕಡ್ಡಿಗಳನ್ನು ಆ ಸೂಜಿಗಳ ಸುತ್ತ ಅತ್ತಿತ್ತ ಎಸೆಯುತ್ತ ಬೆಳಗಿನಿಂದ ಕತ್ತಲಾಗುವವರೆಗೆ ಕೂತರೆ ಹೆಬ್ಬೆರಳಿನಷ್ಟು ಉದ್ದ ಹೆಣಿಗೆ. ಬೆರಳು ಮರಗಟ್ಟಿದರೆ ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿಕೊಂಡು ಮತ್ತೆ ಕೂರಬೇಕು. ಇದ್ದ ಒಂದೇ ಬಿಸಿಯೆಂದರೆ ರೊಟ್ಟಿ ಸುಡುವವನ ಭಟ್ಟಿಯಿಂದ ತಂದು ಮುಚ್ಚಳದ ಮಡಕೆಯಲ್ಲಿ ತುಂಬಿದ ಬೂದಿಕೆಂಡ. ಅದನ್ನು ಲಂಗದ ಕೆಳಗೆ ಇಟ್ಟುಕೊಳ್ಳುವುದು ವಾಡಿಕೆ. ಕೆಜಾಯಾ ಅದನ್ನು ತನ್ನ ತಾಯಿ ಸೂಸನ್ನಾಳ ಕಾಲಬುಡಕ್ಕೆ ಸರಿಸಿದ್ದಳು.

ಸೂಸನ್ನಾಗೆ ಎಪ್ಪತ್ತಾರು. ಮೂಲೆಯ ಕುರ್ಚಿಯಲ್ಲಿ ಗೋಣಿ ಹೊದ್ದು ಕೆಮ್ಮುತ್ತ ಕೂತಿರುತ್ತಿದ್ದಳು.

"ಒಂದೇ ಒಂದು ತುಂಡು ಸೌದೆ ಹಾಕೇ, ಕೆಜಾಯಾ."

"ಹಾಕಿದ್ರೆ ಲೇಸು ಹೋಯ್ತದೆ ಅವ್ವ."

"ಹೌದಲ್ಲ. ಬೇಡ ಬಿಡು. ದೊರೆ ಲೇಸು." ಆಮೇಲೆ ಮರೆತು ಮತ್ತೆ ಅದನ್ನೇ ಕೇಳುತ್ತಿದ್ದಳು.

ಈ ಕೆಲಸ ಬಂದದ್ದು ಹೊಸವರ್ಷ ಕಳೆದ ಮರುವಾರ. ಹಳ್ಳಿಗೆಲ್ಲ ನೂಲು ಕೊಟ್ಟು ಲೇಸು ಕೊಳ್ಳುವವನು ಗ್ಯಾರಡ್ ಒಬ್ಬನೇ. ಕೆಜಾಯಾಳ ಮನೆಗೆ ಬಂದು, ಕೂರದೆ, ಟೋಪಿ ತೆಗೆಯದೆ ಹೇಳಿದ:

"ನಿನ್ನ ಅದೃಷ್ಟ ತೆರೀತು ನೋಡು. ಜುಲೈನಲ್ಲಿ ಲಂಡನ್ನಲ್ಲಿ ಒಬ್ಬ ಡಚೆಸ್ ಅಮ್ಮನೋರು ವೇಷದ ಕುಣಿತ ಇಟ್ಕೊಂಡವ್ರೆ. ದೊಡ್ಡೋರೆಲ್ಲ ಹಳೇ ಕಾಲದವರ ವೇಷ ಹಾಕ್ಕೊಂಡು ಹೋಗ್ಬೇಕಂತೆ. ನಮ್ಮ ಅರ್ಲ್ ದೊರೆ, ಅವರ ವಂಶದ ಮೊದಲ್ನೇ ಅರ್ಲ್ ವೇಷ ಹಾಕ್ತಾರೆ."

ಪಕ್ಕದಲ್ಲಿ ದಿಂಬು ಹಿಡಿದು ಕೂತಿದ್ದ ನಾದಿನಿ ಡಾರ್ಕಸ್ ತಲೆಯೆತ್ತದೆ ಕೇಳಿದಳು: "ಅರ್ಲ್ ದೊರೆ ಅರ್ಲ್ ವೇಷ ಹಾಕೋಕೆ ಇಷ್ಟು ಗಲಾಟೆ ಯಾಕೆ? ದಿನಾ ಹಾಕ್ಕೊಂಡೇ ಇರ್ತಾರಲ್ಲ."

"ನಿನ್ನ ಬಾಯಿಗೆ ಒಂದು ಹೊಲಿಗೆ ಹಾಕ್ಬೇಕು ಡಾರ್ಕಸ್. ಇದು ಇನ್ನೂರೈವತ್ತು ವರ್ಷದ ಹಿಂದಿನ ಅರ್ಲು. ಮಹಲಲ್ಲಿ ಚಿತ್ರ ಇದೆ. ಅದೇ ಥರ ಹೆಗಲು ತುಂಬ ಕೊರಳಪಟ್ಟಿ, ಕೈಗೆ ಪಟ್ಟಿ ಆಗ್ಬೇಕು."

ಕೆಜಾಯಾಳನ್ನು ಮಹಲಿನ ಹಿಂಬಾಗಿಲಿನಿಂದ ಕರೆದೊಯ್ದು, ಬೂಟು ಬಿಚ್ಚಿಸಿ, ಚಿತ್ರದ ಮುಂದೆ ನಿಲ್ಲಿಸಿದರು. ಚೂಪುಗಡ್ಡದ ಮನುಷ್ಯ, ಕಪ್ಪು ಸ್ಯಾಟಿನ್ ಅಂಗಿ, ಹೆಗಲ ಮೇಲೆ ಬಿಳಿ ಲೇಸು. ಹತ್ತಿರ ಹೋಗಿ ನೋಡಿದರೆ ಅಲ್ಲಿ ಹೆಣಿಗೆಯೇ ಇರಲಿಲ್ಲ. ಮೂಗು, ಕಣ್ಣು, ಉಂಗುರವನ್ನೆಲ್ಲ ನಯವಾಗಿ ತಿದ್ದಿದ್ದ ಚಿತ್ರಗಾರ ಲೇಸಿನ ಜಾಗಕ್ಕೆ ಬಿಳಿ ಬಣ್ಣ ಚಿಮುಕಿಸಿ ಕೈತೊಳೆದುಕೊಂಡಿದ್ದ.

"ಇದನ್ನ ನೋಡಿ ಹೆಣೆಯೋಕಾಗಲ್ಲ ಸ್ವಾಮಿ. ಆ ಹಳೇ ಲೇಸೇ ಒಂದು ತುಂಡು ಇದ್ರೆ ಕೊಡಿ," ಎಂದಳು ಕೆಜಾಯಾ.

ದೊರೆಯ ಪಾರುಪತ್ಯಗಾರ ಬ್ಲಿಸೆಟ್ ನಕ್ಕ. "ಅದೆಲ್ಲ ನಮ್ಮ ತಾತನ ಕಾಲದಲ್ಲೇ ಹುಳ ತಿಂದು ಹೋಯ್ತು. ಏನೋ ಒಂದು ಎಲೆ ಗಿಲೆ ಹಾಕು. ನೋಡಿದೋರಿಗೆ ಹಳೇದು ಅನ್ನಿಸಿದ್ರೆ ಸಾಕು."

ಅವನ ಬಾಯಿಂದಲೇ ಬಂದ ಮಾತು ಅದು. ನೆನಪಿಡಿ.

ಸೂಸನ್ನಾಳ ಪೆಟ್ಟಿಗೆಯಲ್ಲಿ ಓಕ್ ಎಲೆಯ ಮಾದರಿಯ ತೊಗಲು ಹಾಳೆಯೊಂದಿತ್ತು. ಸಾಲಿಗೆ ಏಳು ಎಲೆ. ಸೂಸನ್ನಾ ಏಳು ವರ್ಷದವಳಿದ್ದಾಗ ಅವಳ ತಾಯಿ ಹಳೆಯ ಹಾಳೆಯ ಮೇಲಿಂದ ಹೊಸ ಹಾಳೆಗೆ ತೂತು ಚುಚ್ಚಲು ಕೂರಿಸಿದ್ದಳು. ಅವತ್ತು ಹುಡುಗಿಗೆ ಮುಂದಿನ ಹಲ್ಲು ಅಲ್ಲಾಡುತ್ತಿತ್ತು. ನಾಲಿಗೆ ಹಲ್ಲಿನ ಮೇಲೆ, ಗಮನವೂ ಅಲ್ಲೇ. ಮೂರನೆಯ ಎಲೆಯ ತುದಿಯಲ್ಲಿ ಒಂದು ತೂತು ಬಿಟ್ಟೇಹೋಯಿತು. ಬೆನ್ನಿಗೆ ಏಟು ಬಿತ್ತು, ಏಟಿಗೆ ಹಲ್ಲೂ ಬಿತ್ತು. ತೊಗಲು ದುಬಾರಿ, ಇನ್ನೊಂದು ಹಾಳೆ ತರುವಂತಿರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಹೆಣೆದ ಓಕ್ ಲೇಸಿಗೆಲ್ಲ ಮೂರನೆಯ ಎಲೆಯ ತುದಿ ಬೋಳು. ಅಲ್ಲಿ ನೂಲನ್ನು ಎರಡು ಸುತ್ತು ಹೆಚ್ಚು ತಿರುಚಿ ದಾಟಿಸಬೇಕು. ಮನೆಯವರು ಆ ಸಂದಿಗೆ ಸೂಸನ್ನಾಳ ಹಲ್ಲು ಎನ್ನುತ್ತಿದ್ದರು.

ಫೆಬ್ರವರಿಯ ಒಂದು ಮಧ್ಯಾಹ್ನ ಕೆಜಾಯಾ ಹೊಸ ಸಾಲಿನ ಮೂರನೆಯ ಎಲೆಗೆ ಬಂದಿದ್ದಳು. "ಅವ್ವ, ನಿನ್ ಹಲ್ಲು ಬಂತು ನೋಡು," ಎಂದಳು. ಯಾವಾಗಲೂ ಆ ಮಾತಿಗೆ ಮುದುಕಿ ಬೊಚ್ಚುಬಾಯಲ್ಲಿ ನಗುತ್ತಿದ್ದಳು. ಈ ಸಲ ನಗಲಿಲ್ಲ. ಕೆಜಾಯಾ ದಿಂಬು ಇಳಿಸಿ ಹೋಗಿ ಮುಟ್ಟಿದಳು. ಕಾಲಬುಡದ ಮಡಕೆಯೂ ತಣ್ಣಗಾಗಿತ್ತು, ತಾಯಿಯೂ ತಣ್ಣಗಾಗಿದ್ದಳು.

ವಯಸ್ಸಾಗಿತ್ತು ಎಂದರು ಪಾದ್ರಿ. ಕೆಮ್ಮಿತ್ತು ಎಂದಳು ಡಾರ್ಕಸ್. ಹೆಣ ಮನೆಯಲ್ಲಿದ್ದ ಎರಡು ದಿನ ಕೆಜಾಯಾ ಲೇಸಿಗೆ ಬಿಳಿ ಬಟ್ಟೆ ಮುಚ್ಚಿ ಇಟ್ಟಳು. ಮಣ್ಣು ಮಾಡಿ ಬಂದ ಸಂಜೆ ಕೈ ತೊಳೆದು ಮತ್ತೆ ಕೂತಳು. ಆಗಲೂ ಒಲೆ ಹೊತ್ತಿಸಲಿಲ್ಲ.

ಜೂನ್ ತಿಂಗಳಲ್ಲಿ ಲೇಸು ಮುಗಿಯಿತು. ಹಾಲಿನಂಥ ಬಿಳುಪು, ಒಂದು ಕಲೆಯಿಲ್ಲ. ಅದನ್ನು ಅಂಗಿಗೆ ಹೊಲಿಯಲು ಕೆಜಾಯಾಳನ್ನೇ ಮಹಲಿಗೆ ಕರೆಸಿದರು. ಲಂಡನ್ನಿನ ದರ್ಜಿಗಳು ಕಳಿಸಿದ ವೇಷ ಮೇಜಿನ ಮೇಲೆ ಮಲಗಿತ್ತು. ಕಪ್ಪು ಸ್ಯಾಟಿನ್ ಅಂಗಿ. ತೋಳುಗಳನ್ನು ಉದ್ದಕ್ಕೆ ಸೀಳಿ, ಒಳಗಿನ ಬೆಳ್ಳಿ ಬಣ್ಣದ ರೇಷ್ಮೆ ಇಣುಕುವಂತೆ ಬಿಟ್ಟಿದ್ದರು. ಹೊಸ ಬಟ್ಟೆಯನ್ನು ಬೇಕಂತಲೇ ಸೀಳುವುದನ್ನು ಕೆಜಾಯಾ ಅವತ್ತೇ ಮೊದಲು ಕಂಡದ್ದು. ನಿಜವಾದ ಬೆಳ್ಳಿ ಗುಂಡಿಗಳು ಮೂರು ಸಾಲು, ಮೊಣಕಾಲು ದಾಟುವ ಬೂಟು, ಗರಿಯ ಟೋಪಿ. ಒಂದು ದಿನದ ಕುಣಿತಕ್ಕೆ.

ಮಹಲಿನ ಒಳಾಡಳಿತ ನೋಡುವ ಮಿಸೆಸ್ ಓರ್ಮ್ ಒಂದು ದೊಡ್ಡ ಬೋಗುಣಿ ತರಿಸಿದಳು. ಅದರ ತುಂಬ ಕಡುಗಂದು ನೀರು, ಹಬೆಯಾಡುತ್ತಿತ್ತು. ಘಮ ಮೂಗಿಗೆ ಬಡಿದಾಗ ಕೆಜಾಯಾಗೆ ಗೊತ್ತಾಯಿತು, ಚಹಾ. ಟೆಬಟ್ ಮನೆಯಲ್ಲಿ ಒಂದೇ ಚಿಟಿಕೆ ಸೊಪ್ಪನ್ನು ಭಾನುವಾರದಿಂದ ಭಾನುವಾರದವರೆಗೆ ಕೆಂಡದ ಮೇಲೆ ಕುದಿಸುತ್ತಿದ್ದರು. ಇಲ್ಲಿ ಇಡೀ ಡಬ್ಬಿಯನ್ನೇ ಸುರಿದಿದ್ದರು.

"ಲೇಸು ಅದ್ದು ಇದರಲ್ಲಿ," ಎಂದಳು ಮಿಸೆಸ್ ಓರ್ಮ್.

ಕೆಜಾಯಾ ತಪ್ಪು ಕೇಳಿಸಿತೆಂದುಕೊಂಡಳು. "ಏನಂದ್ರಿ ಅಮ್ಮ?"

"ಅದ್ದು ಅಂದೆ. ಇಷ್ಟು ಬೆಳ್ಳಗಿದ್ರೆ ನಿನ್ನೆ ಮಾಡಿಸಿದ್ದು ಅಂತ ಯಾರಾದ್ರೂ ಹೇಳ್ತಾರೆ. ಕಂದಬೇಕು, ಹಳೇದಾಗಿ ಕಾಣ್ಬೇಕು. ನೀನೇ ಅದ್ದು. ನಮ್ಮ ಹುಡುಗೀರ ಕೈಲಿ ಹರಿದೀತು."

"ಅಮ್ಮಾ, ಇದು ಬೆಳ್ಳಗಿರ್ಲಿ ಅಂತ ನಾನು ಚಳಿಗಾಲ ಪೂರ್ತಿ ಒಲೆ ಹಚ್ಚಿಲ್ಲ."

"ಯಾರು ಹಚ್ಚಬೇಡ ಅಂದ್ರು?" ಎಂದಳು ಮಿಸೆಸ್ ಓರ್ಮ್. ಕೊಂಕಿಗೆ ಹೇಳಿದ್ದಲ್ಲ. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಕೆಜಾಯಾ ಅದ್ದಿದಳು. ಬೇರೇನು ಮಾಡಿಯಾಳು? ಐದು ತಿಂಗಳ ಬಿಳುಪು ಕಣ್ಣೆದುರೇ ಕಂದು ಕುಡಿಯಿತು. ಎಲೆ ಎಲೆಯಾಗಿ ಮುಳುಗಿತು. ಮೂರನೆಯ ಎಲೆಯ ತುದಿಯ ಸಂದಿ ಮಾತ್ರ ಖಾಲಿಯಾಗೇ ಉಳಿಯಿತು. ಅಲ್ಲಿ ಬಣ್ಣ ಹಿಡಿಯಲು ನೂಲೇ ಇರಲಿಲ್ಲ. ತಾಯಿಯ ಸಾವಿನ ದಿನ ಬಾರದ ಅಳು ಅವಳಿಗೆ ಆ ಬೋಗುಣಿಯ ಮುಂದೆ ಬಂತು. ನೀರಿಗೆ ಬೀಳದಂತೆ ಮುಖ ತಿರುಗಿಸಿಕೊಂಡಳು.

ಕುಣಿತ ಮುಗಿದ ವಾರಕ್ಕೆ ಗ್ಯಾರಡ್‌ನ ಅಂಗಡಿಗೆ ಪತ್ರಿಕೆ ಬಂತು. ಅವನು ಹೆಂಗಸರನ್ನೆಲ್ಲ ನಿಲ್ಲಿಸಿ ಗಟ್ಟಿಯಾಗಿ ಓದಿದ: "ಹಾಲ್ಡ್‌ಮಿಯರ್ ಅರ್ಲ್ ಅವರು ತಮ್ಮ ಪೂರ್ವಜರ ವೇಷದಲ್ಲಿ ಎಲ್ಲರ ಕಣ್ಣು ಸೆಳೆದರು. ಅವರು ಧರಿಸಿದ್ದ ಲೇಸು, ಮೊದಲ ಅರ್ಲ್ ಅವರೇ ಚಾರ್ಲ್ಸ್ ದೊರೆಯ ಆಸ್ಥಾನದಲ್ಲಿ ಧರಿಸಿದ್ದ ಲೇಸು. ಕುಟುಂಬದವರು ಇದನ್ನು ಇನ್ನೂರೈವತ್ತು ವರ್ಷಗಳಿಂದ ಜೋಪಾನ ಮಾಡಿಕೊಂಡು ಬಂದಿದ್ದಾರೆ."

ಮೊದಲು ಎಲ್ಲರೂ ನಕ್ಕರು. "ಕೆಜಾಯಾ, ನಿನಗೆ ಇನ್ನೂರೈವತ್ತು ವರ್ಷವಾ? ಹಲ್ಲೆಲ್ಲ ಗಟ್ಟಿಯಾಗಿದೆಯಲ್ಲೇ!" ಎಂದಳು ಡಾರ್ಕಸ್. ಕೆಜಾಯಾ ನಗಲಿಲ್ಲ.

"ಅದು ನನ್ನ ಲೇಸು," ಎಂದಳು. "ನಮ್ಮವ್ವನ ಜೀವ ತಗೊಂಡ ಲೇಸು. ಅದನ್ನ ಚಹಾದಲ್ಲಿ ಅದ್ದಿದ್ದು ನಾನೇ."

"ಮೆಲ್ಲಗೆ," ಎಂದ ಗ್ಯಾರಡ್.

"ಯಾಕೆ ಮೆಲ್ಲಗೆ? ಕದ್ದಿದ್ದೀನಾ?"

ಆ ಮಾತು ಅವಳ ಕೊರಳಿಗೇ ಬಂತು. ಕೆಲಸ ಶುರುಮಾಡುವ ಮುಂಚೆ ನೂಲಿನ ಹದ ನೋಡಲು ಅವಳು ಅದೇ ಓಕ್ ಎಲೆಯನ್ನು ಗೇಣುದ್ದ ಹೆಣೆದಿದ್ದಳು. ಗ್ಯಾರಡ್ ಅದನ್ನು ಬೇಡವೆಂದು ಬಿಟ್ಟುಹೋಗಿದ್ದ. ಮಗಳು ಏವಿಸ್‌ಗೆ ಮಗುವಾದಾಗ ಕೆಜಾಯಾ ಅದನ್ನು ಕೂಸಿನ ಕುಲಾವಿಗೆ ಹೊಲಿದಳು. ಆಗಸ್ಟಿನಲ್ಲಿ ಅರ್ಲ್ ದೊರೆ ವೇಷವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೆಂಟರಿಷ್ಟರಿಗೆ ತೋರಿಸುತ್ತಿದ್ದಾಗ, ಅತಿಥಿಯಾಗಿ ಬಂದ ಯಾರೋ ಹೆಂಗಸು ಭಾನುವಾರ ಚರ್ಚಿನಲ್ಲಿ ಆ ಕುಲಾವಿ ಕಂಡು, "ಅರೆ, ಅದೇ ಲೇಸು!" ಎಂದಳಂತೆ. ಕೆಜಾಯಾ ಹೇಳಿಕೊಂಡು ತಿರುಗುವ ಮಾತೂ ಆ ಅತಿಥಿಯ ಕಿವಿಗೆ ಬಿತ್ತು. ಅವಳು ಅದನ್ನು ಮಹಲಿನ ಊಟದ ಮೇಜಿನಲ್ಲಿ ಎತ್ತಿದಾಗ ದೊರೆಯ ಮುಖ ಕೆಂಪಾಯಿತಂತೆ.

ಮೂರನೇ ದಿನ ಬ್ಲಿಸೆಟ್ ಪೋಲೀಸಿನವನೊಂದಿಗೆ ಬಂದ. ಕೂಸಿನ ತಲೆಯಿಂದ ಕುಲಾವಿ ತೆಗೆಸಿದ. ಆಮೇಲೆ ಒಂದು ಕಾಗದ ಹಿಡಿದ.

"ಈ ತುಂಡು ದೊರೆಗಳ ಮನೆತನದ ಹಳೇ ಲೇಸಿಂದು. ರಿಪೇರಿಗೆ ಕೊಟ್ಟಾಗ ನಿನ್ನ ಹತ್ರ ಉಳ್ಕೊಂಡಿತ್ತು. ಹಾಗಂತ ಬರೆದಿದೆ. ರುಜು ಹಾಕು. ದೊರೆಗಳು ಕ್ಷಮಿಸಿಬಿಡ್ತಾರೆ."

"ಹಾಕದಿದ್ರೆ?"

"ಕಳವು. ಜೈಲು."

ಈನಕ್ ಮಧ್ಯೆ ಬಂದ. ದೊರೆಯ ಹೊಲದಲ್ಲಿ ಕಾಲುವೆ ತೋಡುವವನು, ಇರುವ ಮನೆಯೂ ದೊರೆಯದೇ. "ಹಾಕಿಬಿಡೇ. ಒಂದು ಗೀಟು ತಾನೇ?"

"ಒಂದು ಗೀಟು ಹಾಕಿದ್ರೆ ನಮ್ಮವ್ವ ಸುಮ್‌ಸುಮ್ನೆ ಸತ್ತಂಗಾಯ್ತದೆ," ಎಂದಳು ಕೆಜಾಯಾ. "ಅವರಿಗೇನು, ಲೇಸು ಬೇಕಿತ್ತು, ಕೊಟ್ಟೆ. ಬಿಳುಪು ತೆಗಿ ಅಂದ್ರು, ತೆಗೆದೆ. ಈಗ ನಾನು ಹೆಣೆದೇ ಇಲ್ಲ ಅಂತ ನನ್ನ ಕೈಲೇ ಬರೆಸ್ಕೋಬೇಕಾ? ಹಾಕಲ್ಲ ಹೋಗ್ರಿ."

ಸೆಪ್ಟೆಂಬರಿನ ಕೊನೆಗೆ ಪೇಟೆಯ ಕಚೇರಿಯಲ್ಲಿ ವಿಚಾರಣೆ. ನ್ಯಾಯ ಹೇಳಲು ಕೂತವನು ಸರ್ ಹಂಫ್ರಿ ಎಂಬ ಜಮೀನ್ದಾರ. ಅರ್ಲ್ ದೊರೆಯ ಜೊತೆ ಬೇಟೆಗೆ ಹೋಗುವವನು. ಅದೇ ಕುಣಿತಕ್ಕೆ ರೇಷ್ಮೆಯ ನಿಲುವಂಗಿ ತೊಟ್ಟು ಬಡ ಸನ್ಯಾಸಿಯ ವೇಷದಲ್ಲಿ ಹೋಗಿದ್ದವನು. ಟೆಲ್‌ವಿಕ್‌ನ ಹೆಂಗಸರು ಆರು ಮೈಲಿ ನಡೆದು ಬಂದು ಹಿಂದೆ ನಿಂತಿದ್ದರು. ಕೊರಳಪಟ್ಟಿಯನ್ನು ಮಖಮಲ್ಲಿನ ಮೇಲಿಟ್ಟು ತಂದಿದ್ದರು. ಕೆಜಾಯಾ ತನ್ನ ತೊಗಲು ಹಾಳೆ ಬಿಚ್ಚಿದಳು.

"ಮೂರನೇ ಎಲೆ ನೋಡಿ ಸ್ವಾಮಿ. ತುದೀಲಿ ಒಂದು ತೂತು ಇಲ್ಲ. ನಮ್ಮವ್ವ ಏಳು ವರ್ಷದ ಹುಡುಗಿ ಇದ್ದಾಗ ಬಿಟ್ಟಿದ್ದು. ಈಗ ಆ ಲೇಸು ನೋಡಿ. ಸಾಲು ಸಾಲಿಗೂ ಅದೇ ತಪ್ಪು. ಬೇರೆ ಯಾರ ಲೇಸಲ್ಲೂ ಇದು ಇರಲ್ಲ."

ಸರ್ ಹಂಫ್ರಿ ಭೂತಗಾಜು ಹಿಡಿದು ನೋಡಿದ. ಇತ್ತು. ಹಿಂದೆ ನಿಂತ ಹೆಂಗಸರು ಉಸಿರು ಬಿಟ್ಟರು.

ಬ್ಲಿಸೆಟ್ ಎದ್ದು ನಿಂತ. "ತಪ್ಪು ಇರೋದು ನಿಜ ಪ್ರಭುಗಳೇ. ಆದರೆ ಮೂಲ ತಪ್ಪು ಮೊದಲ ಅರ್ಲ್ ಅವರ ಲೇಸಿನದು. ಈ ಹೆಂಗಸು ಅದನ್ನೇ ನೋಡಿ ತೂತು ಚುಚ್ಚಿಕೊಂಡಿದ್ದಾಳೆ. ಕಳವಿಗೆ ಇದಕ್ಕಿಂತ ಸಾಕ್ಷಿ ಬೇಕೇ?"

"ಸರಿಯಾದ ಮಾತು," ಎಂದ ಸರ್ ಹಂಫ್ರಿ.

ಕೆಜಾಯಾ ಹೆಣೆದ ಲೇಸು ಹೋಗಿತ್ತು. ಈಗ ತಾಯಿಯ ತಪ್ಪೂ ದೊರೆಯ ಮನೆಯ ಆಸ್ತಿಯಾಯಿತು. ಬಡವರು ಮಾಡಿದ ತಪ್ಪನ್ನು ಕೂಡ ಇವರು ಬಿಡುವುದಿಲ್ಲ!

"ಹಳೇದು ಹುಳ ತಿಂದು ಹೋಯ್ತು ಅಂದಿದ್ದು ಇವರೇ! ಒಂದು ಬೋಗುಣಿ ಬಿಸಿನೀರು ತರ್ಸಿ," ಎಂದು ಕೂಗಿದಳು. "ಒಂದು ತುಂಡು ಸಾಬೂನು ಕೊಡಿ. ಅದನ್ನ ಇಲ್ಲೇ ಒಗೀತೀನಿ. ನೀರಿಗೆ ಚಹಾ ಬಿಡದಿದ್ರೆ ನನ್ನ ಗಲ್ಲಿಗೆ ಹಾಕಿ! ಚಾರ್ಲ್ಸ್ ದೊರೆ ಕಾಲದ ಲೇಸಿಗೆ ಮಿಸೆಸ್ ಓರ್ಮ್ ಅಡುಗೆಮನೆ ಚಹಾ ಹೆಂಗೆ ಬಂತು ಸ್ವಾಮಿ? ಬೇಡ, ಒಗೆಯೋದೂ ಬೇಡ. ಮೂಸಿ ನೋಡಿ. ಒಂದ್ಸಲ ಮೂಸಿ!"

ಕಚೇರಿಯಲ್ಲಿ ಯಾರೋ ಕಿಸಕ್ಕೆಂದರು. ಸರ್ ಹಂಫ್ರಿ ಲೇಸನ್ನು ಮೂಗಿನ ಹತ್ತಿರಕ್ಕೂ ತರಲಿಲ್ಲ. "ಪುರಾತನ ವಸ್ತುವನ್ನು ಬೋಗುಣಿಗೆ ಹಾಕುವುದೇ? ಉದ್ಧಟತನ!" ಎಂದ. ಒಂದು ತಿಂಗಳು ಕಠಿಣ ಸಜೆ ಬರೆದ. ಮೂಸಿ ನೋಡುವಷ್ಟು ನ್ಯಾಯವೂ ಅಲ್ಲಿರಲಿಲ್ಲ.

ಕೆಜಾಯಾ ಜೈಲಿನಲ್ಲಿ ಗೋಣಿ ಹೊಲಿದಳು. ಅಕ್ಟೋಬರಿನ ಕೊನೆಗೆ ಬಿಟ್ಟರು. ಸಾಮಾನಿನ ಗಾಡಿ ಹತ್ತಿ ಊರ ಮುಂದಿನ ದಿಣ್ಣೆಗೆ ಬಂದಾಗ ಚಳಿ ಕಚ್ಚುತ್ತಿತ್ತು. ಕೆಳಗೆ ಟೆಲ್‌ವಿಕ್ ಕಂಡಿತು. ಊರಿನ ಹೊಗೆಗೂಡುಗಳಲ್ಲೆಲ್ಲ ಹೊಗೆ. ಲೇಸಿನ ದಿಂಬಿದ್ದ ಮನೆಗಳಲ್ಲಿ ಹಗಲು ಹೊತ್ತು ಹೊಗೆ ಕಂಡದ್ದು ಅವಳ ಆಯಸ್ಸಿನಲ್ಲೇ ಇರಲಿಲ್ಲ. ಬೆಂಕಿ ಬಿದ್ದಿದೆಯೆಂದು ಹೆದರಿ ಗಾಡಿಯಿಂದ ಹಾರಿ ಓಡಿದಳು.

ಅವಳ ಮನೆಯ ಒಲೆಯೂ ಉರಿಯುತ್ತಿತ್ತು. ಡಾರ್ಕಸ್, ಏವಿಸ್, ಇನ್ನೂ ಎಂಟು ಹತ್ತು ಹೆಂಗಸರು ದಿಂಬು ತಂದು ಅಲ್ಲೇ ಕೂತಿದ್ದರು. ಸೂಸನ್ನಾಳ ಕುರ್ಚಿಯನ್ನು ಒಲೆಯ ಪಕ್ಕಕ್ಕೆ ಎಳೆದಿದ್ದರು.

"ಕೂತ್ಕೊ," ಎಂದಳು ಡಾರ್ಕಸ್. "ಕಚೇರಿಯಿಂದ ಬರ್ತಾ ಆರು ಮೈಲಿ ಇದೇ ಮಾತು. ನಿನ್ನ ಹೆಸರು ಕದ್ದೋರು ನಾಳೆ ನನ್ನದೂ ಕದೀತಾರೆ. ಸೂಸನ್ನತ್ತೆ ಸತ್ತಂಗೆ ನಾವೂ ಸಾಯ್ತೀವಿ. ಅದಕ್ಕೆ ಎಲ್ರೂ ಒಲೆ ಹಚ್ಚಿದ್ವಿ. ಇಲ್ಲಿ ನೋಡು." ತನ್ನ ದಿಂಬು ತಿರುಗಿಸಿದಳು. ಅವಳದು ಹೂವಿನ ಮಾದರಿ. ಮೂರನೆಯ ಹೂವಿನ ತುದಿಗೆ ಸೂಜಿ ಹಾಕಿರಲಿಲ್ಲ. ಪಕ್ಕದವಳದು ಜೇನುಗೂಡು, ಅಲ್ಲೂ ಒಂದು ಸಂದಿ. ಕೆಜಾಯಾ ಒಬ್ಬೊಬ್ಬರ ದಿಂಬಿನ ಮೇಲೂ ಬಗ್ಗಿ ನೋಡಿದಳು. ಎಲ್ಲದರಲ್ಲೂ ಅವಳ ತಾಯಿಯ ಹಲ್ಲು ಉದುರಿತ್ತು.

ಶನಿವಾರ ಗ್ಯಾರಡ್ ಲೇಸು ಎತ್ತಲು ಬಂದ. ಬಾಗಿಲು ಪೂರ್ತಿ ತೆರೆದು ಹೊಸ್ತಿಲ ಮೇಲೆ ನಿಂತ. ಒಲೆ ನೋಡಿದ. ಡಾರ್ಕಸ್ ಕೊಟ್ಟ ಲೇಸನ್ನು ಬೆಳಕಿಗೆ ಹಿಡಿದ.

"ಇದೇನಿದು ತಪ್ಪು? ಎಲ್ಲರ ಮನೇಲೂ ಇದೇ!"

"ತಪ್ಪಲ್ಲ ಸಾಹುಕಾರ್ರೇ," ಎಂದಳು ಡಾರ್ಕಸ್. "ಮೊದಲ್ನೇ ಅರ್ಲ್ ಮಾದರಿ. ಸರ್ ಹಂಫ್ರಿನೇ ಕಚೇರೀಲಿ ಒಪ್ಕೊಂಡವ್ರಲ್ಲ."

"ಲಂಡನ್ನೋರು ಕೇಳಿದ್ರೆ ನಾನೇನು ಹೇಳಲಿ?"

"ಹೇಳಿ, ಟೆಲ್‌ವಿಕ್‌ನಲ್ಲಿ ಸೂಸನ್ನಾ ಅಂತ ಒಬ್ಳು ಇದ್ಳು ಅಂತ. ನೀವು ಹೇಳದಿದ್ರೆ ನಾವು ಹೇಳ್ತೀವಿ. ಕೇಳಿದೋರಿಗೆಲ್ಲ ಹೇಳ್ತೀವಿ."

"ಹುಚ್ಚು ಹಿಡಿದಿದೆ ನಿಮಗೆ. ಈ ಹೊಗೆ! ಲೇಸೆಲ್ಲ ಕಂದಿಹೋಗ್ತದೆ ಕಣ್ರೇ!"

ಕೆಜಾಯಾ ಎದ್ದು ಒಲೆಗೆ ಇನ್ನೊಂದು ತುಂಡು ಸೌದೆ ಇಟ್ಟಳು.

"ಕಂದಲಿ ಬಿಡಿ. ಮಹಲಿನೋರಿಗೆ ಚಹಾ ಉಳೀತದೆ."

"ನಾನು ಇದನ್ನ ತಗೊಳಲ್ಲ. ಒಂದು ಗೇಣೂ ತಗೊಳಲ್ಲ."

"ಬೇಡ. ಕ್ರಿಸ್ಮಸ್ಸಿಗೆ ಅವರಿಗೆ ಲೇಸು ಬೇಕಾದಾಗ ನೀವೇ ಕೂತು ಹೆಣೀರಿ."

ಗ್ಯಾರಡ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರೂ ತಲೆ ತಗ್ಗಿಸಲಿಲ್ಲ. ಮೂಳೆಕಡ್ಡಿಗಳ ಸದ್ದು ನಿಂತಿತ್ತು. ಏವಿಸ್‌ಳ ಕೂಸು ಬರಿದಲೆಯಲ್ಲಿ ಮುತ್ತಜ್ಜಿಯ ಕುರ್ಚಿಯ ಮೇಲೆ, ಬೆಂಕಿಯ ಬಿಸಿಗೆ ಕೆಂಪಾಗಿ ನಿದ್ದೆ ಹೋಗಿತ್ತು. ಗ್ಯಾರಡ್ ಇನ್ನೂ ಹೊಸ್ತಿಲ ಮೇಲೇ ನಿಂತಿದ್ದ.

ಕೆಜಾಯಾ ದಿಂಬನ್ನು ತೊಡೆಗೆ ಎಳೆದುಕೊಂಡಳು.

"ಬಾಗಿಲು ಹಾಕ್ಕೊಂಡು ಹೋಗಿ ಸಾಹುಕಾರ್ರೇ," ಎಂದಳು. "ಚಳಿ ಒಳಗೆ ಬರ್ತದೆ."